‘ಅಂತೆ’ ಕಂಡಲ್ಲೆಲ್ಲ ಉಪಮೆ ಅನ್ನುವ ಮಕ್ಕಳಿಗೆ ಗುರುತಿಸುವುದನ್ನು ಕಲಿಸುವುದು ಹೇಗೆ?

ಭಾಷಾ ಟೀಚರ್

ಎಲ್ಲರಿಗೂ ನಮಸ್ಕಾರ. ಎಂಟನೇ ತರಗತಿಗೆ ಭಾಷೆ ಕಲಿಸುತ್ತೇನೆ. ಹನ್ನೊಂದು ವರ್ಷವಾಯಿತು. ಈ ಸಲ ಒಂದು ಹೊಸ ಘಟಕ ನನ್ನ ಪಾಲಿಗೆ ಬಂದಿದೆ. ಒಂದು ಬರಹ, ಒಂದು ಚಿತ್ರ ಕೊಟ್ಟು ಅದರಲ್ಲಿರುವ ಭಾಷೆಯ ಅಂಶ, ಚಿತ್ರಕಲೆಯ ಅಂಶ, ಬರಹದ ಜೋಡಣೆಯ ಅಂಶ ಇವನ್ನು ಗುರುತಿಸಲು ಮಕ್ಕಳಿಗೆ ಕಲಿಸಬೇಕು.

ಕಲಿಸಿದೆ. ಅಂದರೆ, ಕಲಿಸಿದೆ ಅಂದುಕೊಂಡೆ. ಗೋಡೆಗೆ ಮೂರು ಚಾರ್ಟ್ ಅಂಟಿಸಿದೆ. ಒಂದರಲ್ಲಿ ಉಪಮೆ, ರೂಪಕ, ಪ್ರಾಸ ಇತ್ಯಾದಿ. ಇನ್ನೊಂದರಲ್ಲಿ ಗೆರೆ, ಆಕಾರ, ಬಣ್ಣ, ನೆರಳು-ಬೆಳಕು, ಟೆಕ್ಸ್ಚರ್, ಜಾಗ. ಮೂರನೆಯದರಲ್ಲಿ ತಲೆಬರಹ, ಉಪಶೀರ್ಷಿಕೆ, ಚಿತ್ರದ ಅಡಿಬರಹ, ಪ್ಯಾರಾ, ದಪ್ಪ ಅಕ್ಷರ. ಮಕ್ಕಳು ಎರಡೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡರು. ನನಗೂ ಖುಷಿ.

ಹೋದ ವಾರ ಟೆಸ್ಟ್ ಕೊಟ್ಟೆ. ಕೊಟ್ಟ ಬರಹದಲ್ಲಿ ‘ನಾಳೆ ಮಳೆ ಬರುತ್ತದಂತೆ’ ಅಂತ ಒಂದು ವಾಕ್ಯ ಇತ್ತು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಅದರ ಕೆಳಗೆ ಗೆರೆ ಎಳೆದು ‘ಉಪಮಾಲಂಕಾರ’ ಎಂದು ಬರೆದಿದ್ದರು. ಒಬ್ಬ ಹುಡುಗನಂತೂ ಬಿಡಿಸಿಯೇ ಇಟ್ಟಿದ್ದ. ಉಪಮೇಯ: ನಾಳೆ. ಉಪಮಾನ: ಮಳೆ. ವಾಚಕ ಪದ: ಅಂತೆ. ಸಮಾನ ಧರ್ಮ: ಬರುವುದು. ನೋಡಿ ಮೊದಲು ಜೋರಾಗಿ ನಕ್ಕುಬಿಟ್ಟೆ. ನಾಳೆಯೂ ಬರುತ್ತದೆ, ಮಳೆಯೂ ಬರುತ್ತದೆ. ಅವನ ಲೆಕ್ಕ ಸರಿಯಾಗೇ ಇದೆಯಲ್ಲ! ಆಮೇಲೆ ನಗು ಬರಲಿಲ್ಲ. ಯಾಕಂದ್ರೆ ‘ಅಂತೆ, ಹಾಗೆ, ಹೋಲುವ ಎಂಬ ಪದ ಬಂದರೆ ಅದು ಉಪಮೆ’ ಅಂತ ಬೋರ್ಡ್ ಮೇಲೆ ಬರೆದವಳು ನಾನೇ.

ಚಿತ್ರದ ಕಥೆ ಇನ್ನೂ ಚೆನ್ನಾಗಿದೆ. ಜಪಾನಿನ ಕಲಾವಿದ ಹೊಕುಸಾಯ್ ಮಾಡಿದ ದೊಡ್ಡ ಅಲೆಯ ಚಿತ್ರ ಕೊಟ್ಟಿದ್ದೆ. ಗೊತ್ತಲ್ಲ, ನೀಲಿ ಅಲೆ ಉಗುರು ಚಾಚಿದ ಹಾಗೆ ಮೇಲೆದ್ದು ನಿಂತಿರುತ್ತದೆ. ಕ್ಲಾಸಿನ ಜಾಣೆ ಒಬ್ಬಳು ಬರೆದಳು: ‘ಈ ಚಿತ್ರದಲ್ಲಿ ಗೆರೆ, ಆಕಾರ, ಬಣ್ಣ, ನೆರಳು-ಬೆಳಕು, ಟೆಕ್ಸ್ಚರ್, ಜಾಗ ಎಲ್ಲವೂ ಚೆನ್ನಾಗಿ ಮೂಡಿಬಂದಿವೆ.’ ನನ್ನ ಅಂಕದ ಪಟ್ಟಿಯ ಪ್ರಕಾರ ಇದಕ್ಕೆ ಪೂರ್ತಿ ಅಂಕ. ಆದರೆ ಈ ಉತ್ತರವನ್ನು ಚಿತ್ರ ನೋಡದೆಯೂ ಬರೆಯಬಹುದಿತ್ತು, ಅಲ್ವಾ? ಅವಳು ನೋಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರನೇ ಚಾರ್ಟಿನ ಬಗ್ಗೆ ಹೇಳಲೇಬಾರದು. ‘ತಲೆಬರಹ ಇದೆ.’ ಇದೆ ಮಾರಾಯ್ತಿ, ಕಾಣ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಹೆಸರು ಹೇಳುವುದನ್ನು ಮಕ್ಕಳು ಕಲಿತಿದ್ದಾರೆ. ಗುರುತಿಸುವುದನ್ನು ಕಲಿತಿಲ್ಲ. ಈ ಎರಡರ ನಡುವಿನ ಹೊಳೆಯನ್ನು ನೀವೆಲ್ಲ ಹೇಗೆ ದಾಟಿಸುತ್ತೀರಿ? ವಾರಕ್ಕೆ ಮೂರು ಪೀರಿಯಡ್ ಇದೆ. ಬಣ್ಣದ ಕಾಗದ ಕತ್ತರಿಸುವ ಚಟುವಟಿಕೆ ಹೇಳಬೇಡಿ, ಆಮೇಲೆ ಕಸ ಗುಡಿಸುವುದರಲ್ಲೇ ಒಂದು ಪೀರಿಯಡ್ ಹೋಗುತ್ತದೆ.

---

ಗೆರೆಗಾರ

ಟೀಚರ್, ನಾನು ಡ್ರಾಯಿಂಗ್ ಮೇಷ್ಟ್ರು. ಆ ಹುಡುಗಿ ಬರೆದಿದ್ದು ಸುಳ್ಳೇನಲ್ಲ. ನಿಮ್ಮ ಎರಡನೇ ಚಾರ್ಟಿನಲ್ಲಿರುವ ಆರೂ ಹೆಚ್ಚುಕಮ್ಮಿ ಎಲ್ಲ ಚಿತ್ರದಲ್ಲೂ ಇರುತ್ತವೆ. ಉಪಮೆ ಹಾಗಲ್ಲ. ಒಂದು ಪದ್ಯದಲ್ಲಿ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ‘ಎಲ್ಲಿದೆ, ಹುಡುಕು’ ಅನ್ನಬಹುದು. ಬಣ್ಣವನ್ನು ‘ಹುಡುಕು’ ಅಂದರೆ ಮಗು ಏನು ಮಾಡಬೇಕು? ಎರಡಕ್ಕೂ ಒಂದೇ ಪ್ರಶ್ನೆ ಕೇಳಿದ್ದೇ ಎಡವಟ್ಟಾಗಿದೆ. ಚಿತ್ರದ ವಿಷಯಕ್ಕೆ ‘ಇದೆಯಾ?’ ಅಂತ ಕೇಳಬೇಡಿ. ‘ಇಲ್ಲಿ ಅದು ಏನು ಮಾಡ್ತಿದೆ?’ ಅಂತ ಕೇಳಿ.

ಹಾಗೆ ಕೇಳಿದರೆ ಮಕ್ಕಳು ಪಿಳಿಪಿಳಿ ನೋಡುತ್ತಾರೆ, ನಿಜ. ಅದಕ್ಕೆ ನಾನು ಮುಚ್ಚಿಸುತ್ತೇನೆ. ಹೆಬ್ಬೆರಳು ಸಾಕು, ಕಾಗದ ಕತ್ತರಿ ಯಾವುದೂ ಬೇಡ. ನಿಮ್ಮ ಅಲೆಯ ಚಿತ್ರವನ್ನೇ ತೆಗೆದುಕೊಳ್ಳಿ. ಅಲೆಯ ಬಾಗಿನ ಕೆಳಗೆ, ನಡುವಿಗೆ ಹತ್ತಿರ, ನೆತ್ತಿಯಲ್ಲಿ ಹಿಮ ಇರುವ ಒಂದು ಚಿಕ್ಕ ಗುಡ್ಡ ಕಾಣುತ್ತದೆ. ಅದು ಫುಜಿ. 3,776 ಮೀಟರ್ ಎತ್ತರ, ಜಪಾನಿನಲ್ಲಿ ಅದಕ್ಕಿಂತ ಎತ್ತರದ ಪರ್ವತ ಇಲ್ಲ. ಎಷ್ಟೋ ಮಕ್ಕಳು ಅದನ್ನು ಇನ್ನೊಂದು ಅಲೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ, ಅದು ತಪ್ಪಲ್ಲ, ಅದೇ ಪಾಠ. ಮುಂದುಗಡೆ ಏಳುತ್ತಿರುವ ಸಣ್ಣ ಅಲೆಯೊಂದಿದೆ. ಅದರ ಆಕಾರ ಥೇಟ್ ಫುಜಿಯದೇ. ನೀವು ಪದ್ಯದಲ್ಲಿ ಪ್ರಾಸ ಅಂತೀರಲ್ಲ, ಅದು ಇದೇ. ಅಲ್ಲಿ ಅಕ್ಷರ ಮರಳಿ ಬರುತ್ತದೆ, ಇಲ್ಲಿ ಆಕಾರ. ಈಗ ಫುಜಿಯನ್ನು ಬೆರಳಿನಿಂದ ಮುಚ್ಚಿಸಿ, ತೆಗೆಸಿ, ಮತ್ತೆ ಮುಚ್ಚಿಸಿ. ‘ಏನು ಬದಲಾಯ್ತು?’ ಅಂತ ಕೇಳಿ. ಪರ್ವತ ಅಷ್ಟು ಪುಟ್ಟದಾಗಿರುವುದರಿಂದಲೇ ಅಲೆ ಅಷ್ಟು ದೊಡ್ಡದಾಗಿದೆ ಅನ್ನುವುದು ಅವರಿಗೇ ಹೊಳೆಯುತ್ತದೆ.

ಇನ್ನೊಂದು. ಮಗು ಏನೇ ಹೇಳಲಿ, ಸರಿ ತಪ್ಪು ಅನ್ನಬೇಡಿ. ‘ಏನು ನೋಡಿ ಹಾಗೆ ಹೇಳ್ತಿದ್ದೀಯ?’ ಅನ್ನಿ. ಈ ಪ್ರಶ್ನೆ ನನ್ನ ಸ್ವಂತದ್ದಲ್ಲ. ಅಬಿಗೇಲ್ ಹೌಸೆನ್, ಫಿಲಿಪ್ ಯೆನವೈನ್ ಅನ್ನುವ ಇಬ್ಬರು ಸೇರಿ ರೂಪಿಸಿದ ಕ್ರಮ. ಅದರಲ್ಲಿ ಇರುವುದೇ ಮೂರು ಪ್ರಶ್ನೆ. ಈ ಚಿತ್ರದಲ್ಲಿ ಏನಾಗ್ತಿದೆ? ಏನು ನೋಡಿ ಹಾಗೆ ಹೇಳ್ತೀಯ? ಇನ್ನೂ ಏನೇನು ಕಾಣಿಸ್ತದೆ? ನಡುವಿನದೇ ಜೀವ. ‘ಬೇಜಾರಿನ ಚಿತ್ರ’ ಅಂದವನು ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಬಣ್ಣಕ್ಕೋ ಗೆರೆಗೋ ಬೆರಳು ಇಡಲೇಬೇಕಾಗುತ್ತದೆ. ಆಗ ಹೆಸರು ಹೇಳಿಕೊಡಿ, ‘ನೀನು ತೋರಿಸಿದ್ದಕ್ಕೆ ನೆರಳು-ಬೆಳಕು ಅಂತಾರೆ’ ಅಂತ. ನೋಡಿದ ಮೇಲೆ ಬಂದ ಹೆಸರು ಮರೆಯುವುದಿಲ್ಲ.

ಮತ್ತೆ, ದಯವಿಟ್ಟು ಅಳತೆ ಹೇಳಿ. ಪುಸ್ತಕದಲ್ಲಿ, ಸ್ಕ್ರೀನಿನಲ್ಲಿ ಎಲ್ಲ ಚಿತ್ರವೂ ಒಂದೇ ಗಾತ್ರ. ನಿಮ್ಮ ಅಲೆ ನಿಜಕ್ಕೂ ಸುಮಾರು 25 ಸೆಂ.ಮೀ. ಎತ್ತರ, 37 ಸೆಂ.ಮೀ. ಅಗಲ. ಮರದ ಅಚ್ಚಿನಿಂದ ಒತ್ತಿದ್ದು, ಕೈಯಲ್ಲಿ ಹಿಡಿದು ನೋಡುವಂಥದ್ದು. ಪಿಕಾಸೋನ ‘ಗೆರ್ನಿಕಾ’ 1937ರದು, ಸುಮಾರು ಮೂರೂವರೆ ಮೀಟರ್ ಎತ್ತರ, 7.8 ಮೀಟರ್ ಅಗಲ. ಅದರ ಮುಂದೆ ನಿಂತವನ ತಲೆ ಚಿತ್ರದ ಅರ್ಧಕ್ಕೆ ಬರುತ್ತದೆ ಅಷ್ಟೇ. ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚು ಹಾಕಿದರೆ ಗಾತ್ರ ಅನ್ನುವ ಅಂಶವೇ ಮಾಯ. ಯಾವ ಚಾರ್ಟಿನಲ್ಲೂ ಅದನ್ನು ಬರೆಯುವುದಿಲ್ಲ, ನನಗೆ ಇದು ಹಳೇ ಸಿಟ್ಟು.

---

ಕೆಂಪು ಪೆನ್ನು

ನಾನು ಮೇಷ್ಟ್ರಲ್ಲ. ಪತ್ರಿಕೆಯೊಂದರ ಡೆಸ್ಕಿನಲ್ಲಿ ತಿದ್ದುವ ಕೆಲಸ. ನಿಮ್ಮ ಮೂರನೇ ಚಾರ್ಟ್ ನೋಡಿ ಸುಮ್ನೆ ಇರಲಾಗಲಿಲ್ಲ.

ಮೊದಲು ಒಂದು ಗೊಣಗಾಟ. ನನ್ನ ಮಗಳ ನೋಟ್ಸಿನಲ್ಲೂ ಇಂಥದ್ದೇ ಪಟ್ಟಿ ನೋಡಿದೆ. ಅದರಲ್ಲಿ ‘ಒತ್ತು ಕೊಡಲು ದೊಡ್ಡಕ್ಷರ ಬಳಸುತ್ತಾರೆ’ ಅಂತ ಇತ್ತು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಲ್ಲಿದೆ ಸ್ವಾಮಿ? ಇಂಗ್ಲಿಷಿನ ಪಟ್ಟಿಯನ್ನು ಹಾಗೇ ಎತ್ತಿ ಹಾಕಿದ್ದಾರೆ. ನಮ್ಮಲ್ಲಿ ಒತ್ತು ಕೊಡಲು ಅಕ್ಷರದ ಗಾತ್ರ ಇದೆ, ದಪ್ಪ ಇದೆ, ಬಣ್ಣ ಇದೆ. ಅದೆಲ್ಲಕ್ಕಿಂತ ಅಗ್ಗದ್ದು, ಒಂದು ‘ಏ’ ಇದೆ. ‘ಅವನು ಬಂದ’, ‘ಅವನೇ ಬಂದ’, ‘ಅವನೂ ಬಂದ’. ‘ಅವನೇ’ ಅಂದಾಗ ಬೇರೆ ಯಾರೋ ಬರಬೇಕಿತ್ತು ಅಂತ ಒಂದು ಕಥೆ ಹುಟ್ಟುತ್ತದೆ. ‘ಅವನೂ’ ಅಂದರೆ ಆಗಲೇ ಮನೆ ತುಂಬ ಜನ. ಇದನ್ನು ಯಾವ ಚಾರ್ಟಿಗೆ ಹಾಕುತ್ತೀರಿ, ಭಾಷೆಗೋ ಜೋಡಣೆಗೋ? ಎಲ್ಲಿಗಾದರೂ ಹಾಕಿ, ಬಿಡಬೇಡಿ.

ತಲೆಬರಹದ ವಿಷಯ. ‘ತಲೆಬರಹ ಇದೆ’ ಅಂತ ಬರೆದ ಮಗುವಿಗೆ ಒಂದೇ ಸುದ್ದಿಗೆ ನಾಲ್ಕು ತಲೆಬರಹ ಕೊಡಿ:

ಮರ ಬಿತ್ತು.
ಮರ ಬೀಳಿಸಿದರು.
ಮರ ಕಡಿದರು.
ಮರ ತೆರವುಗೊಳಿಸಲಾಯಿತು.

ಒಂದೊಂದನ್ನೂ ಓದಿದ ಮೇಲೆ ಕೇಳಿ, ‘ಯಾರು ಮಾಡಿದ್ದು?’ ಮೊದಲನೆಯದರಲ್ಲಿ ಯಾರೂ ಇಲ್ಲ, ಮರ ತಾನೇ ಬಿತ್ತು. ಎರಡು, ಮೂರರಲ್ಲಿ ಯಾರು ಅಂತ ಹೇಳಿಲ್ಲ, ಆದರೆ ‘ದರು’ ಅನ್ನುವುದರಲ್ಲಿ ಜನ ಅಡಗಿ ಕೂತಿದ್ದಾರೆ. ನಾಲ್ಕನೆಯದು ಆಫೀಸಿನ ಕನ್ನಡ. ಮಾಡಿದವರು ಪೂರ್ತಿ ಮಾಯ. ಅಷ್ಟೇ ಅಲ್ಲ, ‘ತೆರವು’ ಅಂದ ಕೂಡಲೇ ಮರವೇ ಏನೋ ಅಡ್ಡ ನಿಂತಿತ್ತು ಅನ್ನುವ ಹಾಗಾಯಿತು. ನಾವು ಡೆಸ್ಕಿನಲ್ಲಿ ಜಗಳ ಆಡುವುದು ಇಂಥದ್ದಕ್ಕೇ.

ಚಿತ್ರ ಮತ್ತು ಅಡಿಬರಹದ ಸಂಬಂಧಕ್ಕೆ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಒಂದು ಸಭೆಯ ಫೋಟೊ ಬಂತು. ಅರ್ಧ ಕುರ್ಚಿ ಖಾಲಿ. ಫೋಟೊ ತೆಗೆದಿದ್ದು ಸಭೆ ಶುರುವಾಗುವ ಮೊದಲು. ಫೋಟೊಗ್ರಾಫರ್ ಅದನ್ನು ಹೇಳಿಯೂ ಇದ್ದ. ನಾನು ಅವಸರದಲ್ಲಿ ‘ಸಭೆಗೆ ಮುನ್ನ’ ಅನ್ನುವ ಜಾಗದಲ್ಲಿ ‘ಸಭೆಯಲ್ಲಿ’ ಅಂತ ಹಾಕಿಬಿಟ್ಟೆ. ಬೆಳಗ್ಗೆಯಿಂದ ಫೋನ್. ಫೋಟೊದಲ್ಲಿ ಒಂದು ಚುಕ್ಕಿಯೂ ಬದಲಾಗಿರಲಿಲ್ಲ, ಆದರೆ ಕುರ್ಚಿಗಳ ಅರ್ಥ ಬದಲಾಗಿತ್ತು. ಮೊದಲಾದರೆ ಜನ ಇನ್ನೂ ಬರಬೇಕಿತ್ತು. ಈಗ ಜನ ಬರಲೇ ಇಲ್ಲ. ಯಾವುದಾದರೂ ಒಂದು ಫೋಟೊ ಇಟ್ಟು ಮಕ್ಕಳ ಕೈಯಲ್ಲಿ ಎರಡು ಅಡಿಬರಹ ಬರೆಸಿ. ಅಡಿಬರಹ ಏನು ಮಾಡುತ್ತದೆ ಅಂತ ನೀವು ಹೇಳಿಕೊಡಬೇಕಾಗಿಲ್ಲ.

---

ಹಳೇ ಮೇಷ್ಟ್ರು

ಎಲ್ಲರೂ ಚಂದ ಹೇಳಿದ್ದೀರಿ. ಆದರೆ ‘ಹೆಸರು ಬೇಡ, ಅನುಭವ ಸಾಕು’ ಅನ್ನುವ ಕಡೆಗೆ ಗಾಳಿ ಬೀಸುತ್ತಿದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಹೆಸರು ಗೊತ್ತಿಲ್ಲದವನಿಗೆ ಕಾಡಿನಲ್ಲಿ ಎಲ್ಲವೂ ಮರ. ಹೆಸರು ಗೊತ್ತಿದ್ದವನು ತೇಗ ಯಾವುದು, ಹೊನ್ನೆ ಯಾವುದು ಅಂತ ಹುಡುಕುತ್ತಾನೆ. ಹುಡುಕುವುದಕ್ಕೇ ಹೆಸರು ಬೇಕು.

ನಿಮ್ಮ ತೊಂದರೆ ಹೆಸರಿನದಲ್ಲ ಟೀಚರ್, ಗುರುತಿನದು. ‘ಅಂತೆ ಇದ್ದರೆ ಉಪಮೆ’ ಅನ್ನುವುದು ‘ಟೋಪಿ ಇದ್ದರೆ ಪೊಲೀಸ್’ ಅಂದ ಹಾಗೆ. ‘ಅಂತೆ’ ಯಾವುದರ ಬೆನ್ನಿಗೆ ಅಂಟಿದೆ ಅಂತ ನೋಡಿಸಿ. ಮೂರು ಜಾಗ ಇವೆ.

‘ಹೂವಿನಂತೆ.’ ಇಲ್ಲಿ ನಾಮಪದದ ಬೆನ್ನಿಗೆ. ‘ಹೂವಿನ’ ಅನ್ನುವ ಷಷ್ಠಿ ರೂಪದ ಮೇಲೆ ಬಂದಿದೆ.
‘ಹೇಳಿದಂತೆ ಮಾಡಿದ.’ ಇಲ್ಲಿ ‘ಹೇಳಿದ’ ಅನ್ನುವ ಕೃದಂತದ ಮೇಲೆ, ಅಂದರೆ ಕ್ರಿಯೆಯಿಂದ ಹುಟ್ಟಿಯೂ ವಾಕ್ಯ ಮುಗಿಸದ ರೂಪದ ಮೇಲೆ.
‘ಬರುತ್ತದಂತೆ.’ ಇಲ್ಲಿ ‘ಬರುತ್ತದೆ’ ಅನ್ನುವ ಪೂರ್ತಿ ಮುಗಿದ ಕ್ರಿಯಾಪದದ ಮೇಲೆ. ವಾಕ್ಯ ಮುಗಿದ ಮೇಲೆ ಬಂದು ಕೂತ ಅಂತೆ ಇದು. ಇದಕ್ಕೂ ಹೋಲಿಕೆಗೂ ಸಂಬಂಧವೇ ಇಲ್ಲ. ‘ಯಾರೋ ಹೇಳಿದರು, ನಾನು ನೋಡಿಲ್ಲ’ ಅನ್ನುವುದು ಇದರ ಅರ್ಥ.

ಪರೀಕ್ಷೆ ಸುಲಭ. ‘ಅಂತೆ’ ತೆಗೆದು ‘ಹಾಗೆ’ ಹಾಕಿ. ‘ಹೂವಿನ ಹಾಗೆ’ ನಿಲ್ಲುತ್ತದೆ. ‘ಹೇಳಿದ ಹಾಗೆ’ ಅದೂ ನಿಲ್ಲುತ್ತದೆ. ‘ಮಳೆ ಬರುತ್ತದೆ ಹಾಗೆ’ ನಿಲ್ಲುವುದಿಲ್ಲ. ಮೊದಲ ಜರಡಿಯಲ್ಲೇ ನಿಮ್ಮ ಹುಡುಗನ ಮಳೆ ಸೋರಿಹೋಯಿತು. ‘ಹೇಳಿದಂತೆ’ ಉಳಿಯಿತಲ್ಲ, ಅದಕ್ಕೆ ಎರಡನೇ ಜರಡಿ. ಯಾವ ಎರಡು ವಸ್ತು ಹೋಲಿಸಿದ್ದಾರೆ ಅಂತ ಕೇಳಿ. ಎರಡು ವಸ್ತುವೇ ಇಲ್ಲ. ಕೊನೆಗೆ ‘ಅಣ್ಣನಂತೆ ತಮ್ಮನೂ ಎತ್ತರ’ ಅನ್ನುವುದನ್ನು ಕೊಡಿ. ಎರಡು ವಸ್ತು ಇವೆ, ಹೋಲಿಕೆಯೂ ಇದೆ. ಆದರೂ ಅದು ಅಲಂಕಾರ ಅನಿಸುತ್ತದೆಯೇ? ಬರೀ ಹೋಲಿಕೆ ಸಾಲದು, ಅದರಲ್ಲಿ ಸೊಗಸಿರಬೇಕು ಅಂತ ಅಲಂಕಾರಶಾಸ್ತ್ರದವರೇ ಹೇಳಿದ್ದಾರೆ. ಎಂಟನೇ ತರಗತಿಯವರು ಇದರ ಮೇಲೆ ಒಂದು ಪೀರಿಯಡ್ ಜಗಳ ಆಡಲಿ.

ಉಪಮೆ, ರೂಪಕಕ್ಕೆ ಗಾದೆಗಿಂತ ಒಳ್ಳೆಯ ಪಠ್ಯ ಇಲ್ಲ. ‘ಮಾತು ಬೆಳ್ಳಿ, ಮೌನ ಬಂಗಾರ.’ ಎಣಿಸಿ, ನಾಲ್ಕೇ ಪದ. ಕ್ರಿಯಾಪದವೇ ಇಲ್ಲ. ಇದನ್ನು ‘ಮಾತು ಬೆಳ್ಳಿಯಂತೆ ಇರುತ್ತದೆ, ಮೌನ ಬಂಗಾರದಂತೆ ಇರುತ್ತದೆ’ ಎಂದು ಬರೆದು ಜೋರಾಗಿ ಓದಿಸಿ. ಗಾದೆಯ ಗಾಳಿ ಪುಸ್ ಅಂತ ಹೋಗುವುದು ಕಿವಿಗೇ ಕೇಳಿಸುತ್ತದೆ. ಆಗ ರೂಪಕ ಅನ್ನುವ ಹೆಸರು ಹೇಳಿ.

ಈಗ ಗೆರೆಗಾರರಿಗೆ ಒಂದು ಮಾತು. ಮುಚ್ಚಿ ನೋಡುವ ಉಪಾಯ ಒಳ್ಳೆಯದೇ. ಆದರೆ ‘ಮುಚ್ಚಿದರೆ ಏನು ಹೋಗುತ್ತದೆ?’ ಅಂತ ಪರೀಕ್ಷೆಯಲ್ಲಿ ಕೇಳಿ ನೋಡಿ. ‘ಸೊಗಸು ಹೋಗುತ್ತದೆ’ ಅಂತ ಎಲ್ಲರೂ ಬರೆಯುತ್ತಾರೆ. ಮುಂದಿನ ವರ್ಷದ ಹೊತ್ತಿಗೆ ಅದೂ ಗೈಡ್ ಪುಸ್ತಕದಲ್ಲಿ ಅಚ್ಚಾಗಿರುತ್ತದೆ.

---

ಗೆರೆಗಾರ

ಮೇಷ್ಟ್ರೇ, ಒಪ್ಪಿದೆ. ನನ್ನ ಕ್ಲಾಸಿನಲ್ಲಿ ಕೆಲವು ಪದಕ್ಕೆ ಬಹಿಷ್ಕಾರ ಇದೆ. ಚಂದ, ಸೊಗಸು, ಆಕರ್ಷಕ, ಪರಿಣಾಮಕಾರಿ, ಮನಮೋಹಕ. ಈ ಐದನ್ನು ಬರೆದರೆ ಆ ಸಾಲಿಗೆ ಸೊನ್ನೆ. ಮಕ್ಕಳು ಮೊದಲ ದಿನ ಮೂಕರಾಗುತ್ತಾರೆ. ಎರಡನೇ ದಿನದಿಂದ ಚಿತ್ರ ನೋಡಲು ಶುರುಮಾಡುತ್ತಾರೆ, ಬೇರೆ ದಾರಿಯೇ ಇಲ್ಲವಲ್ಲ.

ಟೀಚರ್, ನಿಮ್ಮ ಮೂರು ಚಾರ್ಟೂ ಒಟ್ಟಿಗೆ ಸೇರುವ ಒಂದು ಚಿತ್ರ ಬೇಕಿದ್ದರೆ ಬೆಲ್ಜಿಯಂನ ಕಲಾವಿದ ಮಾಗ್ರಿಟ್ 1929ರಲ್ಲಿ ಬರೆದ ಪೈಪ್ ತೆಗೆದುಕೊಳ್ಳಿ. ತಂಬಾಕು ಸೇದುವ ಪೈಪ್. ಹಿಂದೆ ಏನೂ ಇಲ್ಲ, ಬರೀ ಖಾಲಿ ಬಣ್ಣ. ಕೈಯಲ್ಲಿ ಹಿಡಿಯಬಹುದು ಅನ್ನುವಷ್ಟು ಸಾಚಾ ಆಗಿ ಬರೆದಿದ್ದಾನೆ. ಕೆಳಗೆ ಕಾಪಿ ಪುಸ್ತಕ ಬರೆಯುವ ಹುಡುಗರ ಹಾಗೆ ಉರುಟು ಕೂಡಕ್ಷರದಲ್ಲಿ ಫ್ರೆಂಚಿನಲ್ಲಿ ಒಂದು ಸಾಲು: ‘ಇದು ಪೈಪ್ ಅಲ್ಲ.’ ಮೊದಲು ಸಾಲನ್ನು ಮುಚ್ಚಿ ತೋರಿಸಿ. ಆಮೇಲೆ ತೆರೆಯಿರಿ. ಏನೂ ವಿವರಿಸಬೇಡಿ.

---

ಭಾಷಾ ಟೀಚರ್

ಎರಡು ವಾರ ಬಿಟ್ಟು ಬರುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಏನೇನಾಯಿತು ಹೇಳಬೇಕು.

ಮೊದಲು ಕೆಟ್ಟ ಸುದ್ದಿ. ನಾಲ್ಕು ತಲೆಬರಹದ ಪಾಠ ನನ್ನ ಕೈಯಲ್ಲಿ ಕೆಟ್ಟಿತು. ಯಾರು ಮಾಡಿದ್ದು ಅಂತ ಕೇಳುವ ಬದಲು ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಬೋರ್ಡ್ ಮೇಲೆ ಬರೆಯಲು ಹೋದೆ. ಕೈ ತಾನಾಗೇ ಹೋಯಿತು, ಹನ್ನೊಂದು ವರ್ಷದ ಅಭ್ಯಾಸ. ಹಿಂದಿನ ಬೆಂಚು ಆಕಳಿಸಿತು. ಅದನ್ನು ಮತ್ತೊಮ್ಮೆ ಮಾಡಬೇಕು. ಅಡಿಬರಹದ್ದು ಮಾತ್ರ ಚೆನ್ನಾಗಿ ಬಂತು. ನಮ್ಮ ಸ್ಟಾಫ್ ರೂಮಿನ ಖಾಲಿ ಕುರ್ಚಿಗಳ ಫೋಟೊ ತೋರಿಸಿದೆ. ಒಬ್ಬಳು ‘ಎಲ್ಲರೂ ಪಾಠದಲ್ಲಿ’ ಅಂತ ಬರೆದಳು. ಇನ್ನೊಬ್ಬ ‘ಇವತ್ತೂ ಯಾರೂ ಬಂದಿಲ್ಲ’ ಅಂತ ಬರೆದ. ‘ಇವತ್ತೂ’ ಅನ್ನುವ ಆ ‘ಊ’ ನೋಡಿ ಕೆಂಪು ಪೆನ್ನು ಅವರ ನೆನಪಾಯಿತು.

ಅಂತೆಯ ಪಾಠಕ್ಕೆ ಒಂದು ಪೀರಿಯಡ್ ಸಾಲಲಿಲ್ಲ, ಎರಡು ಹಿಡಿಯಿತು. ಜರಡಿ ಎರಡನ್ನೂ ಮಕ್ಕಳ ಕೈಗೇ ಕೊಟ್ಟೆ. ಅಣ್ಣ ತಮ್ಮನ ವಾಕ್ಯಕ್ಕೆ ನಿಜವಾಗಿಯೂ ಜಗಳ ಆಯಿತು. ಉಪಮೆ ಅಂದವರು, ಅಲ್ಲ ಅಂದವರು ಅರ್ಧ ಅರ್ಧ. ‘ತಮ್ಮ ತೆಂಗಿನ ಮರದಂತೆ ಎತ್ತರ ಅಂದಿದ್ರೆ ಕೊಡ್ತಿದ್ದೆ, ಅಣ್ಣನಂತೆ ಅಂದ್ರೆ ಅದು ಬರೀ ಅಳತೆ’ ಅಂತ ಒಬ್ಬಳು ತೀರ್ಪು ಕೊಟ್ಟಳು. ಅಲಂಕಾರಶಾಸ್ತ್ರದವರು ಕೇಳಿಸಿಕೊಳ್ಳಬೇಕಿತ್ತು. ನಾಳೆ-ಮಳೆ ಹುಡುಗ ಮಾತ್ರ ತುಂಬ ಹೊತ್ತು ಸುಮ್ಮನಿದ್ದ. ಕೊನೆಗೆ ಎದ್ದು ಕೇಳಿದ, ‘ಹಾಗಾದ್ರೆ ಮಿಸ್, ಬರುತ್ತದಂತೆ ಅಂದ್ರೆ, ಮಳೆ ಬರದಿದ್ರೂ ನನ್ನ ಮೇಲೆ ತಪ್ಪು ಬರಲ್ಲ, ಅಲ್ವಾ?’ ಹೌದಪ್ಪ ಅಂದೆ. ಕೂತ. ಅವನ ಮುಖದಲ್ಲಿ ಏನೋ ಹೊಸ ಆಯುಧ ಸಿಕ್ಕಿದ ಖುಷಿ. ಮಾರನೇ ದಿನ ಹೋಮ್‌ವರ್ಕ್ ಕೇಳಿದರೆ ‘ಪಕ್ಕದವನು ಮಾಡಿಲ್ಲವಂತೆ ಮಿಸ್’ ಅಂತ ಶುರು.

ಅಲೆಯ ಚಿತ್ರ. ಗೆರೆಗಾರರೇ, ನೀವು ಹೇಳಿದ ಹಾಗೇ ಫುಜಿಯನ್ನು ಮುಚ್ಚಿಸಿದೆ. ‘ಏನು ಬದಲಾಯ್ತು?’ ‘ಏನೂ ಇಲ್ಲ ಮಿಸ್.’ ‘ಸರಿಯಾಗಿ ನೋಡಿ.’ ‘ಅಲೆ ಅಷ್ಟೇ ದೊಡ್ಡದಿದೆ ಮಿಸ್.’ ನನಗೆ ಸ್ವಲ್ಪ ಪೆಚ್ಚಾಯಿತು. ಅಷ್ಟರಲ್ಲಿ ಆ ಜಾಣೆ, ‘ಎಲ್ಲವೂ ಚೆನ್ನಾಗಿ ಮೂಡಿಬಂದಿವೆ’ ಹುಡುಗಿ, ತನ್ನಷ್ಟಕ್ಕೆ ಬೇರೆ ಬೇರೆ ಕಡೆ ಬೆರಳಿಟ್ಟು ನೋಡುತ್ತಿದ್ದಳು. ‘ಮಿಸ್, ದೋಣಿ ಮುಚ್ಚಿ’ ಅಂದಳು. ಅಲ್ಲಿ ಮೂರು ದೋಣಿ ಇವೆ, ಅದರಲ್ಲಿ ಜನ ಬಗ್ಗಿ ಅಂಟಿಕೊಂಡು ಕೂತಿದ್ದಾರೆ. ಮೂರನ್ನೂ ಮುಚ್ಚಲು ಎರಡೂ ಕೈ ಬೇಕಾಯಿತು. ಮುಚ್ಚಿದ ಮೇಲೆ ಅವಳು ಹೇಳಿದ್ದು: ‘ಈಗ ಅಲೆ ಎಷ್ಟು ದೊಡ್ಡದು ಅಂತ ಗೊತ್ತೇ ಆಗಲ್ಲ. ಮೊಣಕಾಲಿನಷ್ಟೂ ಇರಬಹುದು. ಹೆದರಿಕೆಯೂ ಆಗಲ್ಲ, ಮುಳುಗೋರು ಯಾರೂ ಇಲ್ವಲ್ಲ.’ ಕ್ಲಾಸಿಗೆ ಕ್ಲಾಸೇ ಬೆರಳಿಟ್ಟು ನೋಡಿತು. ಅವಳು ಹೇಳಿದ್ದೇ ಸರಿ ಅನಿಸಿತು. ಫುಜಿ ದೂರ ಇದೆ, ಚಿಕ್ಕದಾಗಿ ಕಾಣುವುದು ಸಹಜ ಅಂತ ಅವರ ವಾದ. ನೀವು ಏನಂತೀರೋ?

ಎಡಗಡೆ ಮೇಲಿನ ಮೂಲೆಯಲ್ಲಿ ಚೌಕದೊಳಗೆ ಬರಹ ಇರುವುದನ್ನೂ ಒಬ್ಬ ಹಿಡಿದ. ಚಿತ್ರದ ಹೆಸರು, ಪಕ್ಕದಲ್ಲಿ ಕಲಾವಿದನ ಸಹಿ. ಇಷ್ಟು ವರ್ಷ ಈ ಚಿತ್ರ ತೋರಿಸುತ್ತಿದ್ದೇನೆ, ಅದು ಬರಹದ ಅಂಶ ಅಂತ ನನ್ನ ತಲೆಗೆ ಹೊಳೆದಿರಲಿಲ್ಲ.

ಗೆರ್ನಿಕಾಕ್ಕೆ ಮೈದಾನಕ್ಕೆ ಹೋದೆವು. ಹಗ್ಗ ಹಿಡಿದು 7.8 ಮೀಟರ್ ಅಳೆದು ಇಬ್ಬರನ್ನು ತುದಿಗಳಲ್ಲಿ ನಿಲ್ಲಿಸಿದೆ. ಎತ್ತರಕ್ಕೆ ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹತ್ತಲು ಹೊರಟಿದ್ದ, ತಡೆದೆ. ಆಮೇಲೆ ಒಳಗೆ ಬಂದು ಚಿತ್ರ ನೋಡಿದಾಗ ಬಣ್ಣ ಯಾಕಿಲ್ಲ ಅನ್ನುವ ಪ್ರಶ್ನೆ ಅವರಿಂದಲೇ ಬಂತು. ಕಪ್ಪು, ಬಿಳಿ, ಬೂದು ಅಷ್ಟೇ. ‘ಬಣ್ಣ ಇದೆ’ ಅಂತ ಬರೆಯುತ್ತಿದ್ದ ಮಕ್ಕಳು ಇವರೇನಾ ಅನಿಸಿತು. ಗೆರ್ನಿಕಾ ಅನ್ನುವುದು ಸ್ಪೇನಿನ ಒಂದು ಊರು, 1937ರ ಏಪ್ರಿಲ್‌ನಲ್ಲಿ ಅದರ ಮೇಲೆ ಬಾಂಬ್ ಬಿದ್ದಿತ್ತು ಅಂತ ಆಗ ಹೇಳಿದೆ. ಮೊದಲೇ ಹೇಳಿದ್ದರೆ ಚಿತ್ರದಲ್ಲಿ ಬರೀ ಬಾಂಬ್ ಹುಡುಕುತ್ತಿದ್ದರು.

ಅಂಕದ ಪಟ್ಟಿಯನ್ನೂ ಬದಲಿಸಿದೆ. ಹೆಸರಿಗೆ ಒಂದು ಅಂಕ, ಅದು ಎಲ್ಲಿದೆ ಅಂತ ತೋರಿಸಿದರೆ ಒಂದು, ತೆಗೆದರೆ ಅಥವಾ ಬದಲಿಸಿದರೆ ಏನಾಗುತ್ತದೆ ಅಂತ ಹೇಳಿದರೆ ಎರಡು. ಐದು ಪದಕ್ಕೆ ಬಹಿಷ್ಕಾರ ಜಾರಿಯಲ್ಲಿದೆ. ‘ಅದ್ಭುತ’ವನ್ನೂ ಸೇರಿಸಬೇಕಾಯಿತು, ಕಳ್ಳದಾರಿ ಹುಡುಕಿದ್ದರು.

ಈಗ ನನ್ನ ಕೊನೇ ಪ್ರಶ್ನೆ. ನಿನ್ನೆಯ ಟೆಸ್ಟಿಗೆ ಮಾಗ್ರಿಟ್‌ನ ಪೈಪ್ ಕೊಟ್ಟೆ. (ನೀರಿನ ಪೈಪ್ ಅಲ್ಲ ಅಂತ ಹೇಳಲು ಮರೆತಿದ್ದೆ. ಇಬ್ಬರು ‘ಹೌದು, ಇದು ಪೈಪ್ ಅಲ್ಲವೇ ಅಲ್ಲ, ನಲ್ಲಿಗೆ ಕೂರುವುದಿಲ್ಲ’ ಎಂದು ಬರೆದಿದ್ದಾರೆ.) ಹೆಚ್ಚಿನವರು ‘ಇದು’ ಅನ್ನುವ ಪದವನ್ನು ಹಿಡಿದಿದ್ದಾರೆ. ಇದು ಅಂದರೆ ಯಾವುದು, ವಸ್ತುವಾ, ಚಿತ್ರವಾ, ಕೆಳಗಿನ ಸಾಲಾ ಅಂತ. ಸರ್ವನಾಮವನ್ನು ಇಷ್ಟು ಗಂಭೀರವಾಗಿ ಯಾರೂ ತೆಗೆದುಕೊಂಡಿದ್ದು ನಾನು ನೋಡಿರಲಿಲ್ಲ.

ನಮ್ಮ ನಾಳೆ-ಮಳೆ ಹುಡುಗ ಬರೆದದ್ದನ್ನು ಹಾಗೇ ಹಾಕುತ್ತೇನೆ: ‘ನಾನು ಸಾಲನ್ನು ಬದಲಿಸಿ ಇದು ಪೈಪ್ ಅಲ್ಲವಂತೆ ಎಂದು ಬರೆದು ನೋಡಿದೆ. ಆಗ ಜಗಳ ಹೋಯಿತು. ಯಾರೋ ಬೇರೆಯವರು ಹೇಳಿದ್ದು ಅಂತ ಆಯಿತು. ಚಿತ್ರ ಬರೆದವನು ತಪ್ಪಿಸಿಕೊಂಡ. ಅಂತೆ ಇಲ್ಲದಿದ್ದರೆ ಅವನೇ ಎದುರಿಗೆ ನಿಂತು ಹೇಳುತ್ತಾನೆ, ಅದಕ್ಕೆ ನಮಗೆ ಸಿಟ್ಟು ಬರುತ್ತದೆ.’

ಅಂಶದ ಹೆಸರು ಬರೆಯುವ ಜಾಗದಲ್ಲಿ ಮಾತ್ರ ಖಾಲಿ ಬಿಟ್ಟಿದ್ದಾನೆ. ನನ್ನ ಚಾರ್ಟಿನಲ್ಲೂ ಇದಕ್ಕೆ ಹೆಸರಿಲ್ಲ. ನಾಲ್ಕಕ್ಕೆ ಎಷ್ಟು ಕೊಡಲಿ?

---

ಗೆರೆಗಾರ

ದೋಣಿ ವಿಷಯದಲ್ಲಿ ಸೋತೆ. ಇವತ್ತು ನನ್ನ ಕ್ಲಾಸಿನಲ್ಲೂ ಮುಚ್ಚಿಸಿ ನೋಡಿದೆ. ಆ ಹುಡುಗಿ ಹೇಳಿದ್ದೇ ಸರಿ.

---

ಹಳೇ ಮೇಷ್ಟ್ರು

ನಾಲ್ಕೂ ಕೊಡಿ ಟೀಚರ್. ಉಪಮಾಲಂಕಾರ ಅಂತ ಬರೆದಿಲ್ಲ ತಾನೇ?